ಹಾರ್ನ್ ಬಾರಿಸದ ದಾರಿ

ಫುರ್ರೆಂದು ಚಂದ್ರಿ ಮೂಗು ಊದಿದ ಸದ್ದಿಗೆ ರಂಜನಾಳಿಗೆ ಎಚ್ಚರವಾಯಿತು. ಸಣ್ಣ ಸದ್ದು. ಮನೆಯಲ್ಲಿ ಇನ್ನಾರ ನಿದ್ದೆಯೂ ಅದರಿಂದ ಕೆಡುವಂಥದಲ್ಲ. ಆದರೆ ಸರಿರಾತ್ರಿಯಲ್ಲಿ ಕುದುರೆ ಹಾಗೆ ಮೂಗು ಊದಿತೆಂದರೆ ಅದಕ್ಕೆ ಏನೋ ಕೇಳಿಸಿರಬೇಕು. ಅದು ಏನೆಂದು ಗೊತ್ತಾಗುವವರೆಗೆ ರಂಜನಾಳಿಗೂ ನಿದ್ದೆ ಹತ್ತುವುದಿಲ್ಲ. ಕಿವಿಗೊಟ್ಟು ಮಲಗಿದಳು. ಸಾವಳಗಿ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರೊಂದು ಬರುತ್ತಿತ್ತು. ಮೊದಲು ಹಾಡಿನ ಧಬಧಬ, ಆಮೇಲೆ ಎಂಜಿನ್ನಿನ ಗುರುಗುರು. ಮನೆಯ ಮುಂದಿನ ಬೇವಿನ ಮರದ ಹತ್ತಿರ ಬಂದದ್ದೇ ತಡ, ಯಾರೋ ಅಂಗೈಯಿಂದ ಬಾಯಿ ಮುಚ್ಚಿದಂತೆ ಹಾಡು ನಿಂತಿತು. ಎರಡು ಟ್ರೇಲರುಗಳು ಕಿರುಗುಟ್ಟುತ್ತ ಮೆಲ್ಲಗೆ ದಾಟಿ ಹೋದವು. ತಿರುವು ಕಳೆದ ಮೇಲೆ ಹಾಡು ಮತ್ತೆ ಶುರುವಾಯಿತು.

"ಕೇಳಿದ್ರೇನು?" ಎಂದಳು ಗಂಡನಿಗೆ.

"ಹೂಂ?" ಪರಮೇಶ ಮಗ್ಗುಲಾದ.

"ನಮ್ಮ ಮನಿ ಮುಂದ ಬಂದಕೂಡಲೆ ಟೇಪು ಬಂದ್ ಮಾಡಿದ. ಚಂದ್ರಿ ಮನಿ ಇದು ಅಂತ ಅವಂಗ ಗೊತ್ತೈತಿ ನೋಡ್ರಿ."

"ಗೊತ್ತಿರಲಾರದ ಏನು. ಈ ರಸ್ತಾದ ಡ್ರೈವರ್ ಮಂದಿ ಭಾಳ ಛಲೋ ಮಂದಿ. ಮಲ್ಕೋ ಇನ್ನ, ನೀ ಎಚ್ಚರಿದ್ರ ಕುದರಿಗೂ ನಿದ್ದಿ ಇಲ್ಲ."

ಅವನ ದನಿಯಲ್ಲಿ ನಗು ಇತ್ತು. ಆ ನಗು ತನ್ನ ಬಗ್ಗೆಯೇ ಎಂದುಕೊಂಡು ಅವಳೂ ಕತ್ತಲಲ್ಲಿ ನಕ್ಕಳು.

ರಂಜನಾ ಜಮಖಂಡಿಯಲ್ಲಿ ಬಿ.ಎ. ಓದಿ, ಬಿ.ಎಡ್. ಮುಗಿಸಿ, ಕಾಲುವೆಯಾಚೆಯ ಒಂದು ತೋಟದ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ಊರು ಬಿಟ್ಟು ತಮ್ಮ ತಮ್ಮ ಹೊಲಗಳಲ್ಲೇ ಮನೆ ಕಟ್ಟಿಕೊಂಡವರ ಮಕ್ಕಳು ಕಲಿಯುವ ಶಾಲೆ ಅದು. ಬಸ್ಸು ಅತ್ತ ಹೋಗುವುದಿಲ್ಲ. ಮಳೆ ಬಿದ್ದರೆ ಎರೆಮಣ್ಣು ಸ್ಕೂಟಿಯ ಗಾಲಿಯನ್ನು ಹಿಡಿದು ಕೂಡಿಸುತ್ತದೆ. ಸ್ಕೂಟಿ ಕಲಿಯಲು ಹೋಗಿ ಬಿದ್ದು, ಮತ್ತೆ ಕಲಿಯಲು ಹೋಗಿ ಮತ್ತೆ ಬಿದ್ದ ಮೇಲೆ ಅವಳು ತವರಿಗೆ ಹೋಗಿ ಚಂದ್ರಿಯನ್ನು ಹೊಡೆದುಕೊಂಡು ಬಂದಿದ್ದಳು. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಗಿಡ್ಡ ಹೆಣ್ಣುಕುದುರೆ. ತವರಿನವರು ಕುರಿ ಕಾಯುವ ಮಂದಿ. ಮಂದೆ ಹೊರಟಾಗ ಕಂಬಳಿ, ಪಾತ್ರೆ, ಆಗತಾನೆ ಹುಟ್ಟಿದ ಮರಿಗಳು ಎಲ್ಲವೂ ಕುದುರೆಯ ಮೇಲೆ. ಆ ಮರಿಗಳ ನಡುವೆ ತಾನೂ ಒಂದು ಮರಿಯಾಗಿ ಕೂತು ಬೆಳೆದವಳು ರಂಜನಾ. ಕಾಲಿರುವುದನ್ನು ನಂಬಬಹುದು, ಗಾಲಿಯಿರುವುದನ್ನು ನಂಬಲಾಗದು ಎನ್ನುವುದು ಅವಳ ಲೆಕ್ಕ.

ಅತ್ತೆ ಸಾತವ್ವನಿಗೆ ಇದು ಸೇರಿರಲಿಲ್ಲ. "ಸಾಲಿ ಅಕ್ಕಾರು ಕುದರಿ ಹತ್ತಿ ಹೊಂಟ್ರ ಮಂದಿ ಹಲ್ಲ ಕಿಸೀತೈತಿ. ಒಂದಿನ ಏನರ ಆತಂದ್ರ ನೋಡು, ಮರದಿನಾನ ಕುದರಿ ಸಂತಿಗೆ," ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಅಂಥದೊಂದು ಆಗಿತ್ತು. ಅತ್ತೆಗೆ ಗೊತ್ತಿರಲಿಲ್ಲ, ಅಷ್ಟೆ.

ಹೋದ ವರ್ಷಕ್ಕೂ ಹಿಂದಿನ ಕಬ್ಬಿನ ಹಂಗಾಮಿನಲ್ಲಿ. ಪರಮೇಶ ಸಕ್ಕರೆ ಕಾರ್ಖಾನೆಯಲ್ಲಿ ಫೀಲ್ಡ್‌ಮನ್. ಯಾರ ಹೊಲದ ಕಬ್ಬು ಯಾವಾಗ ಕಡಿಯಬೇಕು, ಯಾವ ಟ್ರ್ಯಾಕ್ಟರು ಎಲ್ಲಿಗೆ ಹೋಗಬೇಕು ಎಂದು ಹೇಳುವವನು. ಆವತ್ತು ಬನಹಟ್ಟಿಯಲ್ಲಿ ತನ್ನ ಬೈಕಿಗೆ ಹೊಸ ಹಾರ್ನ್ ಹಾಕಿಸಿಕೊಂಡು ಬಂದಿದ್ದ. ಲಾರಿಯ ಹಾಗೆ ಕೂಗುವಂಥದು. ಕಾಲುವೆಯ ದಂಡೆಯ ಮೇಲೆ ಹೆಂಡತಿ ಕುದುರೆಯಲ್ಲಿ ಬರುವುದನ್ನು ಕಂಡು, ಎಂಜಿನ್ ಬಂದ್ ಮಾಡಿ, ಇಳುಕಲಿನಲ್ಲಿ ಸದ್ದಿಲ್ಲದೆ ಹಿಂದಿನಿಂದ ಬಂದು, ನಗಿಸಬೇಕೆಂದು, ಹಾರ್ನ್ ಒತ್ತಿದ. ಚಂದ್ರಿ ಎರಡು ಕಾಲ ಮೇಲೆ ನಿಂತಿತು. ರಂಜನಾ ದಂಡೆಯ ಕಲ್ಲುಗಳ ಮೇಲೆ ಬಿದ್ದಳು. ತಿರುಗಿ ನೋಡಿದಾಗ ಅವನ ಮುಖದಲ್ಲಿ ಇನ್ನೂ ಅರ್ಧ ನಗು ಉಳಿದಿತ್ತು.

ತಾನು ಬಸುರಿ ಎಂದು ಅವಳಿಗೆ ಗೊತ್ತಾಗಿದ್ದು ಅದೇ ವಾರ. ಅವನೊಬ್ಬನಿಗೇ ಹೇಳಿದ್ದಳು. ಜಮಖಂಡಿಯ ಡಾಕ್ಟರಮ್ಮ ಕೈ ತೊಳೆದುಕೊಂಡು ಬಂದು ಹೇಳಬೇಕಾದದ್ದನ್ನು ಹೇಳಿದರು. ಮನೆಗೆ ಬಂದು, ಹೊಟ್ಟೆನೋವು, ಅಷ್ಟೆ, ಎಂದರು ಇಬ್ಬರೂ. ಆ ರಾತ್ರಿ ಪರಮೇಶ ಅವಳ ಪಾದದ ಮೇಲೆ ಹಣೆಯಿಟ್ಟು ಅತ್ತ. ಆಮೇಲೆ ಎದ್ದು ಹೋಗಿ ದೇವರ ಜಗುಲಿಯಿಂದ ಬೀರಪ್ಪನ ಭಂಡಾರ ತಂದ. ಆ ಅರಿಶಿನದ ಪುಡಿಯನ್ನು ಅಂಗೈಯಲ್ಲಿ ಹಿಡಿದು ಅವಳೆದುರು ಕೂತ. "ಈ ಮಾತು ನಮ್ಮಿಬ್ಬರ ಬಾಯಿ ದಾಟಂಗಿಲ್ಲ. ದಾಟಿದ್ರ ಈ ಭಂಡಾರ ನನ್ನ ಸುಡ್ಲಿ," ಎಂದ. ಅವಳೂ ಚಿಟಿಕೆ ಎತ್ತಿದಳು. ಅವರ ಮನೆತನದಲ್ಲಿ ಭಂಡಾರ ಎತ್ತಿ ಆಡಿದ ಮಾತಿಗೆ ಆಮೇಲೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಅವಳು ಆ ಮಾತನ್ನು ಉಳಿಸಿಕೊಂಡಿದ್ದಳು. "ಇನ್ನೂ ಮಡ್ಲ ತುಂಬಲಿಲ್ಲಲ್ಲ ಯವ್ವಾ" ಎಂದು ಸಾತವ್ವ ನಿಟ್ಟುಸಿರು ಬಿಟ್ಟಾಗಲೂ, ತನ್ನ ಹಡೆದವ್ವನೇ ಹರಕೆಯ ಮಾತು ತೆಗೆದಾಗಲೂ ತುಟಿ ಬಿಚ್ಚಿರಲಿಲ್ಲ. ಹೇಳಿದರೆ ಚಂದ್ರಿ ಸಂತೆಗೆ ಹೋಗುತ್ತಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಮಗನ ಕೈಯಿಂದಲೇ ಮೊಮ್ಮಗು ಹೋಯಿತೆಂದು ಅತ್ತೆಗೆ ಗೊತ್ತಾಗುತ್ತಿತ್ತು. ಗಂಡನನ್ನು ಅದರಿಂದ ಕಾಯುತ್ತಿದ್ದೇನೆ ಎನ್ನುವ ಭಾವನೆ ಅವಳಿಗೆ ಒಂದು ಬಗೆಯ ಬಲ ಕೊಟ್ಟಿತ್ತು. ಬೇರೆ ಗಂಡಹೆಂಡಿರ ನಡುವೆ ಮಕ್ಕಳಿರುತ್ತಾರೆ. ತಮ್ಮ ನಡುವೆ ಈ ಮೌನ ಇದೆ ಎಂದುಕೊಂಡಿದ್ದಳು.

ಬಿದ್ದ ಮೇಲೆ ಬಹಳ ದಿನ ಕುದುರೆ ಹತ್ತಲಿಲ್ಲ. ಲಗಾಮು ಹಿಡಿದು ಪಕ್ಕದಲ್ಲಿ ನಡೆದೇ ಶಾಲೆಗೆ ಹೋದಳು. ಮುಂದಿನ ಹಂಗಾಮು ಶುರುವಾಗುವ ಹೊತ್ತಿಗೆ ಧೈರ್ಯ ಮಾಡಿ ಹತ್ತಿದಾಗ ದಾರಿಯೇ ಬದಲಾಗಿತ್ತು. ಎದುರಿಗೆ ಬರುವ ಟ್ರ್ಯಾಕ್ಟರುಗಳು ದೂರದಿಂದಲೇ ಹಾಡು ನಿಲ್ಲಿಸುತ್ತಿದ್ದವು. ಹಿಂದಿನಿಂದ ಬರುವವರು ಹಾರ್ನ್ ಮುಟ್ಟದೆ, ಅವಳೇ ಅಂಚಿಗೆ ಸರಿಯುವವರೆಗೆ ಆಮೆಯ ಹಾಗೆ ಬರುತ್ತಿದ್ದರು. ಟ್ರೇಲರಿನಿಂದ ಹೊರಚಾಚಿದ ಕಬ್ಬಿನ ಸೋಗೆ ಕುದುರೆಯ ಕಣ್ಣಿಗೆ ತಾಗದಿರಲೆಂದು ಒಬ್ಬ ಡ್ರೈವರು ಮಣ್ಣಿನ ಅಂಚಿಗೆ ಇಳಿದುಬಿಟ್ಟಿದ್ದ. ಸೇತುವೆಯ ಮೇಲೆ ಮೊದಲು ಅವಳು, ಆಮೇಲೆ ಅವರು. ಯಾವಾಗಲೂ ಏನಾದೀತೋ ಎಂದು ಕಣ್ಣು ಕಿವಿ ತೆರೆದುಕೊಂಡೇ ಹೋಗುವ ಅವಳಿಗೆ, ಜಗತ್ತು ತನ್ನಷ್ಟಕ್ಕೆ ತಾನೇ ಒಳ್ಳೆಯದಾಗಬಲ್ಲದು ಎಂದು ಮೊದಲ ಸಲ ಅನಿಸಿದ್ದು ಈ ದಾರಿಯಲ್ಲಿ. ಶಾಲೆಯ ಮಕ್ಕಳಿಗೂ ಹೇಳಿದ್ದಳು: ನೋಡ್ರಿ, ಯಾರೂ ಹೇಳದಿದ್ದರೂ ಒಳ್ಳೆಯದನ್ನು ಮಾಡುವವರಿರುತ್ತಾರೆ.

ಅವರಿಗೆ ಏನಾದರೂ ಹೇಳಬೇಕೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲಿತ್ತು. ಧನ್ಯವಾದ ಎಂದರೆ ಅದು ಭಾಷಣದ ಮಾತು. ಆ ಕಡೆಯ ಮಂದಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಕೇಳಿದವರು ನಾಚುತ್ತಾರೆ. ಹೇಳುವುದರ ಬದಲು ತಿನ್ನಿಸುತ್ತಾರೆ. ಎಳ್ಳ ಅಮಾವಾಸ್ಯೆ ಬಂತು. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಹೊಲದಲ್ಲಿ ಊಟ ಮಾಡಿದ ಮರುದಿನ ಬೆಳಗ್ಗೆ ಅವಳು ಸ್ಟೀಲಿನ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಪೇರಿಸಿದಳು.

"ಇಷ್ಟು ಹೋಳಿಗಿ ಯಾರಿಗೆ ಬೇ? ಚಂದ್ರಿಗೇನು?" ಎಂದಳು ಸಾತವ್ವ.

"ಡ್ರೈವರ್ ಮಂದಿಗೆ ಅತ್ತಿ. ಪಾಪ, ಕುದರಿ ಬಂತಂದ್ರ ಗಾಡಿ ನಿಂದರಸ್ತಾರ."

"ಕುದರಿ ಮ್ಯಾಲಿನ ಸೊಸಿನ್ನ ನೋಡಾಕ ನಿಂದರಸ್ತಾರ, ಕುದರಿಗೇನು ನಿಂದರಸ್ತಾರ! ಒಯ್ಯಿ ಒಯ್ಯಿ, ಮ್ಯಾಲೆ ಚೂರು ತುಪ್ಪಾನೂ ಹಾಕ್ಕೊಂಡು ಒಯ್ಯಿ."

ಪರಮೇಶ ಆಗಲೇ ಕಾರ್ಖಾನೆಗೆ ಹೊರಟುಹೋಗಿದ್ದ.

ಕಾಲುವೆಯ ಸೇತುವೆಯ ಹತ್ತಿರ ಚಹಾದಂಗಡಿ. ಸೇತುವೆ ದಾಟಲು ಪಾಳಿ ಹಚ್ಚಿ ನಾಲ್ಕಾರು ಕಬ್ಬಿನ ಟ್ರ್ಯಾಕ್ಟರುಗಳು ನಿಂತಿದ್ದವು. ಚಂದ್ರಿಯನ್ನು ಕಂಡದ್ದೇ ಒಂದೊಂದಾಗಿ ಹಾಡುಗಳು ಆರಿಹೋದವು. ರಂಜನಾ ಇಳಿದು, ಎಲ್ಲರಿಗಿಂತ ಹಿರಿಯನಾದ ನಿಂಗಣ್ಣನ ಹತ್ತಿರ ಹೋದಳು. ಟ್ರ್ಯಾಕ್ಟರು ಓಡಿಸುತ್ತಲೇ ಮೀಸೆ ಬೆಳ್ಳಗಾದ ಮನುಷ್ಯ. ದಾರಿಯಲ್ಲಿ ಎಲ್ಲರಿಗಿಂತ ಮೊದಲು ವೇಗ ಇಳಿಸುತ್ತಿದ್ದವನು ಅವನೇ.

"ಕಾಕಾ, ಅಮಾಸಿ ಹೋಳಿಗಿ ತಗೋರಿ. ನಿಮ್ಮ ಮಂದಿಗೆಲ್ಲಾ ಅಂತ ತಂದೇನಿ."

"ನಮಗ್ಯಾಕ್ರಿ ಅಕ್ಕಾರ?"

"ಚಂದ್ರಿ ಬಂದ್ಲಂದ್ರ ಟೇಪು ಬಂದ್ ಮಾಡ್ತೀರಿ, ಹಾರ್ನ್ ಬಾರ್ಸಂಗಿಲ್ಲ. ಯಾರೂ ಹೇಳಿದ್ದಲ್ಲ, ಕೇಳಿದ್ದಲ್ಲ. ಅದಕ್ಕ."

ಹಿಂದಿನಿಂದ ಒಬ್ಬ ಕೂಗಿದ: "ಏ ನಿಂಗ್ಯಾ ಮುತ್ತ್ಯಾ, ಒಬ್ಬನ ನುಂಗಬ್ಯಾಡಲೇ, ಸಕ್ಕರಿ ಬ್ಯಾನಿ ಐತಿ ನಿನಗ!"

"ಜಲಮ ಎಲ್ಲಾ ಸಕ್ಕರಿ ಕಾರ್ಖಾನಿಗೆ ದುಡದಂವಗ ಸಕ್ಕರಿ ಬ್ಯಾನಿ ಬರಲಾರದ ಉಪ್ಪಿನ ಬ್ಯಾನಿ ಬರ್ತೈತೇನಲೇ?" ಎಂದ ನಿಂಗಣ್ಣ. ಎಲ್ಲರೂ ನಕ್ಕರು. ಡಬ್ಬಿ ಕೈಯಿಂದ ಕೈಗೆ ಹೋಯಿತು. ನಿಂಗಣ್ಣ ಮಾತ್ರ ತನ್ನ ಹೋಳಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ಆಮೇಲೆ ಕುದುರೆಯ ಮೈ ಸವರುವವನಂತೆ ಈಚೆ ಬಂದ.

"ಅಕ್ಕಾರ, ಇದು ನನ್ನ ಗಂಟಲಾಗ ಇಳಿಯಂಗಿಲ್ರಿ."

"ಯಾಕ ಕಾಕಾ?"

"ಯಾರೂ ಹೇಳಿದ್ದಲ್ಲ ಅಂತೀರಿ. ನಿಮ್ಮ ಮುಂದ ಆಡಬಾರದು ಅಂತ ಭಂಡಾರ ಎತ್ತೇನಿ. ಆದ್ರ ನೀವ ಹೋಳಿಗಿ ತಂದು ಕೈಯಾಗ ಇಟ್ಟ್ರ ಬಾಯಿ ಹೆಂಗ ಮುಚ್ಕೊಂಡಿರ್ಲಿ? ಸಾಹೇಬ್ರು ಹೇಳ್ಯಾರ್ರಿ. ನಿಮ್ಮ ಯಜಮಾನ್ರು. ಹ್ವಾದ ವರ್ಷ ಕಾರ್ಖಾನಿ ಚಾಲೂ ಆಗೂ ಮುಂದ ನಮ್ಮನ್ನೆಲ್ಲಾ ಕೂಡಿಸಿದ್ರು."

"ಏನಂತ ಹೇಳಿದ್ರು?"

ನಿಂಗಣ್ಣ ಚಂದ್ರಿಯ ಕೊರಳ ಕೂದಲನ್ನು ನೋಡುತ್ತ ಹೇಳಿದ. "ಯಾವನೋ ಒಬ್ಬ ಟ್ರ್ಯಾಕ್ಟರದಂವ ಹಿಂದಿಂದ ಬಂದು ಹಾರ್ನ್ ಹೊಡದ, ನನ್ನ ಹೇಣ್ತಿ ಬಿದ್ಲು, ಹೊಟ್ಯಾಗಿನ ಕೂಸು ಹೋತು ಅಂತ. ಅತ್ತರ್ರಿ ನಮ್ಮ ಮುಂದ. ನಾವೂ ಅತ್ತ್ವಿ. ಇನ್ನ ಮ್ಯಾಲೆ ಆಕಿ ಕುದರಿ ಕಂಡ್ರ ಹಾರ್ನ್ ಬಾರ್ಸಂಗಿಲ್ಲ, ಆಕಿ ಮುಂದ, ಮನಿ ಮಂದಿ ಮುಂದ ಈ ಮಾತು ಆಡಂಗಿಲ್ಲ ಅಂತ ಒಬ್ಬೊಬ್ಬರ ಕೈಲೆ ಭಂಡಾರ ಎತ್ತಿಸಿದ್ರು."

ರಂಜನಾ ಲಗಾಮನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕೇಳಬೇಕಾದ ಮಾತು ಒಂದೇ ಇತ್ತು. "ಯಾವ ಟ್ರ್ಯಾಕ್ಟರದಂವ ಅಂತ ಹೇಳಿದ್ರೇನು?"

"ಇಲ್ರಿ. ದೊಡ್ಡ ಮನಸ. 'ಯಾರು ಅಂತ ನನಗ ಗೊತ್ತೈತಿ, ಆದ್ರ ಹೇಳಂಗಿಲ್ಲ, ಅವನ ಹೊಟ್ಟಿ ಮ್ಯಾಲೆ ಹೊಡಿಯಂಗಿಲ್ಲ' ಅಂದ್ರು. ಅವತ್ತಿಂದ ನಾವು ಒಬ್ಬರ ಮಾರಿ ಒಬ್ಬರು ನೋಡೂದಾಗೇತಿ. ನನಗಂತೂ..." ಅವನು ಹೋಳಿಗೆಯನ್ನು ಇನ್ನೊಂದು ಕೈಗೆ ದಾಟಿಸಿದ. "ಆಗ ಈ ದಂಡಿ ಮ್ಯಾಲೆ ನಂದ ಪಾಳಿ ಇತ್ತ್ರಿ. ಹಾರ್ನ್ ಹೊಡದದ್ದು ಯಾರು ನೆನಪಿಟ್ಟಿರ್ತಾರ? ನಾನ ಇರ್ಬೇಕು ಅಂತ ನನ್ನ ಮನಸ ಹೇಳ್ತೈತಿ. ಹೊಟ್ಟ್ಯಾಗ ಹಾಕ್ಕೋ ಯವ್ವಾ."

"ನೀವಲ್ಲ ಕಾಕಾ."

"ನೀ ಸಮಾಧಾನಕ್ಕ ಹೇಳ್ತಿ."

"ಅದು ಟ್ರ್ಯಾಕ್ಟರ್ ಅಲ್ಲ. ಬೀರಪ್ಪನ ಮ್ಯಾಲಾಣಿ, ಅಲ್ಲ."

"ಮತ್ತ ಯಾರು?"

ಅವಳ ಬಾಯಿ ತೆರೆದೇ ಇತ್ತು. ಒಂದು ಹೆಸರು ಹೇಳಿದರೆ ಈ ಮುದುಕನ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಆದರೆ ಸಂಜೆಯ ಹೊತ್ತಿಗೆ ಆ ಹೆಸರು ಕಾರ್ಖಾನೆಯ ಗೇಟು ಮುಟ್ಟುತ್ತಿತ್ತು, ಅಲ್ಲಿಂದ ಮನೆಯ ಬಾಗಿಲು. ಅವಳು ಬಾಯಿ ಮುಚ್ಚಿ, ಚಂದ್ರಿಯ ಲಗಾಮಿನ ಗಂಟು ಸರಿಮಾಡತೊಡಗಿದಳು. ನಿಂಗಣ್ಣ ತಲೆಯಾಡಿಸಿದ, ತನಗೆ ಗೊತ್ತಿದ್ದದ್ದೇ ನಿಜ ಎನ್ನುವಂತೆ. ಅಷ್ಟರಲ್ಲಿ ಚಂದ್ರಿ ಕತ್ತು ಚಾಚಿ ಅವನ ಕೈಯಲ್ಲಿದ್ದ ಹೋಳಿಗೆಯನ್ನು ಬಾಯಿಗೆ ಹಾಕಿಕೊಂಡಿತು. ಅಂಗಡಿಯ ಹತ್ತಿರದವರು ಮತ್ತೆ ನಕ್ಕರು.

ಶಾಲೆಯಲ್ಲಿ ಆ ದಿನ ಏನು ಕಲಿಸಿದಳೋ ಅವಳಿಗೆ ನೆನಪಿಲ್ಲ. ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದರು, ಅವಳು ಹೂಂ ಎನ್ನುತ್ತಿದ್ದಳು. ಒಳಗೆ ಬೇರೆಯದೇ ನಡೆದಿತ್ತು. ಅವನು ಮಾತು ಮುರಿದ ಎನ್ನುವುದಷ್ಟೇ ಆಗಿದ್ದರೆ ಅಳಬಹುದಿತ್ತು, ಜಗಳ ತೆಗೆಯಬಹುದಿತ್ತು, ನನ್ನ ಮೇಲಿನ ಜೀವದಿಂದ ಮುರಿದ ಎಂದು ಕಡೆಗೆ ಕ್ಷಮಿಸಲೂಬಹುದಿತ್ತು. ಆದರೆ ಅವನು ಎಲ್ಲವನ್ನೂ ಹೇಳಿರಲಿಲ್ಲ. ಅವಳ ಬೀಳುವಿಕೆಯನ್ನು ಹೇಳಿದ್ದ, ಅವಳ ಬಸಿರನ್ನು ಹೇಳಿದ್ದ, ಅವಳ ರಕ್ತವನ್ನು ಹೇಳಿದ್ದ. ತನ್ನ ಹಾರ್ನನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡಿದ್ದ. ಆಣೆ ಹಾಕುವಾಗ ಎತ್ತಿದ್ದೂ ಭಂಡಾರ, ಆಣೆ ಮುರಿಯುವಾಗ ಹತ್ತು ಮಂದಿಯ ಕೈಯಲ್ಲಿಟ್ಟಿದ್ದೂ ಅದೇ ಭಂಡಾರ. ತನ್ನ ತಪ್ಪನ್ನು ಹೆಸರಿಲ್ಲದ ಒಬ್ಬ ಡ್ರೈವರಿಗೆ ಹೊರಿಸಿ, ಹೆಸರು ಹೇಳದೆ ದೊಡ್ಡವನೂ ಆಗಿದ್ದ. ಈ ಎರಡು ವರ್ಷ ಅವಳು ಯಾರನ್ನು ಕಾಯುತ್ತಿದ್ದಳು?

ಸಂಜೆಯ ದಾರಿ ಬೆಳಗಿನ ದಾರಿಯಾಗಿರಲಿಲ್ಲ. ಎದುರಿನ ಟ್ರ್ಯಾಕ್ಟರಿನ ಹಾಡು ನಿಂತಾಗ ಅವಳ ಮೈ ಹಿಡಿಯಾಯಿತು. ಇವನಿಗೆ ಗೊತ್ತು. ಮೋಟರ್ ಸೈಕಲ್ಲಿನವನೊಬ್ಬ ಎಂಜಿನ್ ಬಂದ್ ಮಾಡಿ ಕಾಲಿನಿಂದ ನೂಕಿಕೊಂಡು ದಾಟಿದ. ಇವನಿಗೂ ಗೊತ್ತು. ಇಷ್ಟು ದಿನ ಈ ನಿಶ್ಶಬ್ದವನ್ನು ತಾನು ಮರ್ಯಾದೆ ಎಂದು ತಲೆಯೆತ್ತಿ ದಾಟುತ್ತಿದ್ದೆನಲ್ಲ. ಅವರೆಲ್ಲ ತನ್ನ ಹೊಟ್ಟೆಯನ್ನು ನೋಡುತ್ತಿದ್ದರು. ಮತ್ತೊಂದು ಟ್ರ್ಯಾಕ್ಟರು ಬಂತು, ಹಾಡು ಆರಿತು.

"ಹಚ್ಚ್ರಿ!" ಎಂದು ಕೂಗಿದಳು ರಂಜನಾ. "ಹಾಡು ಹಚ್ಚ್ರಿ! ಯಾಕ ಬಂದ್ ಮಾಡ್ತೀರಿ?"

ಡ್ರೈವರು ಗಾಬರಿಯಾಗಿ ಅವಳನ್ನೇ ನೋಡಿದ. ಆಮೇಲೆ ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸಿದ. ಹಾಡು ಹಚ್ಚಲಿಲ್ಲ.

ಮುಖ್ಯ ರಸ್ತೆ ಇನ್ನೇನು ಬಂತು ಎನ್ನುವಾಗ ಬೆನ್ನ ಹಿಂದೆ ಕಿವಿ ಕಿತ್ತುಹೋಗುವಂಥ ಹಾರ್ನ್ ಕೂಗಿತು. ನೂಲಿನ ಚೀಲಗಳನ್ನು ಗೋಪುರದ ಹಾಗೆ ಹೇರಿಕೊಂಡ ಟೆಂಪೋ. ಬನಹಟ್ಟಿಯ ಮಗ್ಗಗಳಿಗೆ ಹೊತ್ತೊಯ್ಯುತ್ತಿದ್ದುದಿರಬೇಕು. ಒಳಗೆ ಹಾಡು ಒದರುತ್ತಿತ್ತು. ಚಂದ್ರಿ ಅಡ್ಡಡ್ಡ ಹಾರಿತು. ರಂಜನಾ ಅದರ ಕೊರಳು ತಬ್ಬಿದಳು, ಜಾರಿದಳು, ರಸ್ತೆಯಂಚಿನ ಜಾಲಿಯ ಮೇಲೆ ಬಿದ್ದಳು. ಲಗಾಮು ಮಾತ್ರ ಕೈಯಲ್ಲಿ ಉಳಿಯಿತು.

ಟೆಂಪೋ ಗಕ್ಕನೆ ನಿಂತಿತು. ಗುರುತಿಲ್ಲದ ಮುಖವೊಂದು ಕಿಟಕಿಯಿಂದ ಹೊರಬಂತು. "ಏ ಹೆಣಮಗಳ! ಕಣ್ಣ ಕಾಣಂಗಿಲ್ಲೇನ? ರಸ್ತಾ ನಿಮ್ಮಪ್ಪಂದೇನ? ಯಾವ ಕಾಲದಾಗ ಅದಿ ನೀ, ಕುದರಿ ತಗೊಂಡು ಬಂದಿ?"

"ನಿಮ್ಮಪ್ಪಂದೇನೋ?" ಎಂದಳು ರಂಜನಾ ಮುಳ್ಳಿನ ನಡುವಿನಿಂದ. ಶಾಲೆಯ ಅಕ್ಕಾರು ಆಡುವ ಮಾತಲ್ಲ ಅದು.

"ಮಾತು ನೋಡು ಇದರದ!" ಎಂದ ಅವನು, ಇನ್ನೊಮ್ಮೆ ಹಾರ್ನ್ ಬಾರಿಸಿ, ಧೂಳೆಬ್ಬಿಸಿಕೊಂಡು ಹೋದ.

ಅವಳು ಎದ್ದು ಮೊದಲು ಚಂದ್ರಿಯ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಏನೂ ಆಗಿರಲಿಲ್ಲ. ಅವಳ ಮೊಣಕೈ ತರಚಿ ರಕ್ತ ಒಸರುತ್ತಿತ್ತು. ಆದರೆ ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಚೂರು ಸರಿದಿತ್ತು. ಆ ಮನುಷ್ಯ ಅವಳನ್ನು ಬೈದಿದ್ದ, ದಾರಿಗಡ್ಡ ಬಂದ ಯಾರನ್ನಾದರೂ ಬೈಯುವ ಹಾಗೆ. ಅವನಿಗೆ ಏನೂ ಗೊತ್ತಿರಲಿಲ್ಲ.

ಮನೆಯಲ್ಲಿ ಪರಮೇಶ ಅವಳಿಗಿಂತ ಮೊದಲೇ ಬಂದಿದ್ದ. ಮೊಣಕೈ ನೋಡಿದವನೇ ಎದ್ದ.

"ಏನಾತ? ಬಿದ್ದೇನು?"

ರಂಜನಾ ಕುದುರೆಯ ಬೆನ್ನಿನ ಕಂಬಳಿ ಬಿಚ್ಚುತ್ತಿದ್ದಳು. ತಿರುಗದೆಯೇ ಕೇಳಿದಳು. ಎಷ್ಟು ಮೆತ್ತಗೆ ಕೇಳಿದಳೆಂದರೆ ಅವನಿಗೆ ನಿಜ ಹೇಳಲು ಬೇಕಾದಷ್ಟು ಜಾಗ ಇತ್ತು. "ಡ್ರೈವರ್ ಮಂದಿಗೆ ನೀವು ಏನರ ಹೇಳೀರೇನು? ನನ್ನ ಬಗ್ಗೆ?"

"ನಾನಾ? ನಾ ಏನ್ ಹೇಳ್ಲಿ? ಕಬ್ಬಿನ ಮಾತು ಮುಗಿದ್ರ ಸಾಕಾಗಿರ್ತೈತಿ ಅವರ ಕೂಡ." ಒಂದು ಕ್ಷಣವೂ ತಡೆಯಲಿಲ್ಲ ಅವನು. ಹತ್ತಿರ ಬಂದು ಅವಳ ತೋಳು ಹಿಡಿದು, ಗಾಯದ ಮಣ್ಣನ್ನು ತನ್ನ ಅಂಗಿಯ ಅಂಚಿನಿಂದ ಒರೆಸತೊಡಗಿದ. ಆ ಬೆರಳುಗಳಲ್ಲಿ ಕಾಳಜಿ ಇತ್ತು. ಅದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು, ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಯಾವನರ ಹಾರ್ನ್ ಹೊಡದ್ನೇನು? ಖರೆ ಹೇಳು. ಯಾವ ಗಾಡಿ? ನಂಬರ್ ನೋಡಿದೇನು? ನಾಳೆ ಹೋಗಿ ಅವಂಗ ಹೇಳತೇನಿ ನಾ."

ಹೇಳತೇನಿ. ಆ ಮಾತು ಆಡಿದ ತುಟಿಗಳನ್ನು ಅವಳು ನೋಡಿದಳು. ನಾಳೆ ಇವನು ಬನಹಟ್ಟಿಗೆ ಹೋಗುತ್ತಾನೆ, ನೂಲಿನ ಟೆಂಪೋ ಹುಡುಕುತ್ತಾನೆ, ಅವನ ಮುಂದೆಯೂ ಕಣ್ಣೀರು ತೆಗೆಯುತ್ತಾನೆ. ಮುಂದಿನ ವಾರ ಆ ಟೆಂಪೋ ಕೂಡ ಅವಳನ್ನು ಕಂಡು ಮೆಲ್ಲಗಾಗುತ್ತದೆ.

"ಯಾವ ಗಾಡೀನೂ ಇಲ್ಲ," ಎಂದಳು. "ಚಂದ್ರಿಗೆ ನೀರು ಕುಡಸಾಕ ಇಳದಾಗ ಜಾಲಿ ಮುಳ್ಳು ತರಚೇತಿ."

"ಏನು ಬೇ, ಬಿದ್ದೇನು ಕುದರಿ ಮ್ಯಾಲಿಂದ?" ಒಳಗಿನಿಂದ ಸಾತವ್ವನ ದನಿ.

"ಇಲ್ಲ ಅತ್ತಿ. ಮುಳ್ಳು."

ಅವಳು ತೋಳು ಬಿಡಿಸಿಕೊಂಡು ನೀರಿನ ಕೊಡ ಎತ್ತಿಕೊಂಡಳು. ಕೈ ಉರಿಯುತ್ತಿತ್ತು. ಟೆಂಪೋದವನ ಸುದ್ದಿ ಇವನಿಗೂ ಬೇಡ, ಅತ್ತೆಗೂ ಬೇಡ, ನಿಂಗಣ್ಣನಿಗೂ ಬೇಡ. ಈ ಬಾರಿ ಯಾರ ಕೂಡೆಯೂ ಭಂಡಾರ ಎತ್ತುವ ಗೊಡವೆಯಿಲ್ಲ, ತಾನೊಬ್ಬಳೇ ಸಾಕು ಎಂದುಕೊಂಡು, ಚಂದ್ರಿಯ ಮುಂದೆ ನೀರು ಸುರಿದಳು.